ನಾಲ್ವರ ನಡುವಿನ ಏಕಾಂತ

ಏಕಾಂತವೆಂಬುದು ನಮ್ಮ ಭಾಷೆಯಲ್ಲಿ ಬಹಳ ಗೌರವವನ್ನು ಪಡೆದ ಶಬ್ದ. ದೇವಾಲಯಗಳಲ್ಲಿ ಭಕ್ತರೆಲ್ಲ ಮನೆಗೆ ತೆರಳಿದ ಮೇಲೆ ದೇವರಿಗೆ ನಡೆಯುವುದು ಏಕಾಂತಸೇವೆ. ಹಳೆಯ ಕಥೆಗಳಲ್ಲಿ ಅರಸನು ಮಂತ್ರಿಯನ್ನು ಕರೆಸಿ ಏಕಾಂತದಲ್ಲಿ ಮಾತನಾಡುತ್ತಾನೆ. ಅಲ್ಲಿಗೆ ಏಕಾಂತದಲ್ಲಿ ಇಬ್ಬರಿದ್ದರೂ ಬಾಧಕವಿಲ್ಲವೆಂದಾಯಿತು. ಒಂಟಿತನವೆಂದೊಡನೆಯಾದರೋ ನಾವು ಮರುಗತೊಡಗುತ್ತೇವೆ. ಅದೇ 'ಒಂಟಿ' ಸಲಗಕ್ಕೆ ವಿಶೇಷಣವಾದರೆ ಮರುಕ ಹೋಗಿ ಭಯ ಹುಟ್ಟುತ್ತದೆ. ಗಂಡಸರ ಕಿವಿಯ ಆಭರಣಕ್ಕೆ ಹೆಸರಾದರೆ ಒಡವೆಯ ಬೆಲೆಯೇ ಬಂದುಬಿಡುತ್ತದೆ. ಈ ಎರಡು ಶಬ್ದಗಳ ಅರ್ಥಭೇದವನ್ನು ತರಗತಿಯಲ್ಲಿ ವಿವರಿಸುವಾಗ ಒಬ್ಬಿಬ್ಬರು ವಿದ್ಯಾರ್ಥಿಗಳಾದರೂ ಕೇಳುತ್ತಾರೆ: ಕಾಡಿಗೂ ಹೋಗದೆ ಬೆಟ್ಟಕ್ಕೂ ಏರದೆ, ನಾಲ್ವರ ನಡುವೆಯೇ ಸುಮ್ಮನೆ ಕುಳಿತವನಿಗೆ ಇವೆರಡರಲ್ಲಿ ಯಾವುದು ದೊರೆತಂತಾಯಿತು? ನಿಘಂಟಿನಲ್ಲಿ ಇದಕ್ಕೆ ಉತ್ತರವಿಲ್ಲ. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನಲವತ್ತು ವರ್ಷ ಬಣ್ಣ ಬಳಿದ ಚಿತ್ರಕಾರನೊಬ್ಬನಿದ್ದ. ಆತ ಅಮೆರಿಕದ ಎಡ್ವರ್ಡ್ ಹಾಪರ್.

ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯವು 'ಎಡ್ವರ್ಡ್ ಹಾಪರನ ನ್ಯೂಯಾರ್ಕ್' ಎಂಬ ಹೆಸರಿನಲ್ಲಿ 2022ರ ಅಕ್ಟೋಬರ್ 19ರಿಂದ 2023ರ ಮಾರ್ಚ್ 5ರವರೆಗೆ ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತ್ತು. ತೈಲಚಿತ್ರ, ಜಲವರ್ಣ, ಮುದ್ರಿತ ಚಿತ್ರ, ರೇಖಾಚಿತ್ರಗಳೆಲ್ಲ ಸೇರಿ ಇನ್ನೂರಕ್ಕೂ ಮಿಕ್ಕ ಕೃತಿಗಳು. ತಂಗಿಯ ಬಾಣಂತನಕ್ಕೆಂದು ರಜೆ ಹಾಕಿ ನಾನು ಆಗ ನ್ಯೂಜರ್ಸಿಗೆ ಹೋಗಿದ್ದೆ. ಹಸುಗೂಸಿರುವ ಮನೆಯಲ್ಲಿ ಏಕಾಂತವೆಂಬುದು ಎಷ್ಟು ದುರ್ಲಭವೆಂದು ಬಲ್ಲವರೇ ಬಲ್ಲರು. ತಂಗಿಯ ಅತ್ತೆಯವರು ಊರಿನಿಂದ ಬಂದಿಳಿದ ಮೇಲೆ ನನಗೊಂದು ದಿನದ ಬಿಡುವು ಸಿಕ್ಕಿತು. ರೈಲು ಹತ್ತಿ, ಹಡ್ಸನ್ ನದಿಯಾಚೆಗಿನ ಆ ಸಂಗ್ರಹಾಲಯವನ್ನು ಸೇರಿಕೊಂಡೆ.

ಒಳಗೆ ಜಾತ್ರೆ. ಒಂಟಿತನದ ಮಹಾಚಿತ್ರಕಾರನೆಂದು ಜಗತ್ತೆಲ್ಲ ಹೆಸರಿಟ್ಟಿರುವ ಈತನ ಮುಂದೆ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಕೆಲವರ ಮುಖದಲ್ಲಿ ಮಹಾಮಾರಿಯ ಕಾಲದ ಮುಖಗವಸು ಇನ್ನೂ ಉಳಿದಿತ್ತು. ಅದೂ ಅನುಚಿತವೇನಲ್ಲ. 2020ರ ಮಾರ್ಚಿಯಲ್ಲಿ ಲೋಕವೇ ಬಾಗಿಲು ಹಾಕಿಕೊಂಡು ಕುಳಿತಾಗ, ನಾವೀಗ ಎಲ್ಲರೂ ಹಾಪರನ ಚಿತ್ರಗಳಾಗಿಬಿಟ್ಟೆವೆಂಬ ಮಾತು ಊರೂರು ದಾಟಿ ಹರಡಿತ್ತು. ಹಾಸಿಗೆಯ ಮೇಲೆ ಕುಳಿತು ಕಿಟಕಿಯ ಬಿಸಿಲನ್ನು ದಿಟ್ಟಿಸುವ ಹೆಂಗಸು, ಜನವಿಲ್ಲದ ಬೀದಿ, ಎದುರುಬದುರು ಕುಳಿತೂ ಮಾತಾಡದ ದಂಪತಿಗಳು, ಇವೆಲ್ಲ ಆಗ ಕೈಯಿಂದ ಕೈಗೆ ದಾಟಿದ ಚಿತ್ರಗಳು.

ಹಾಪರ್ ಹುಟ್ಟಿದ್ದು 1882ರ ಜುಲೈ 22ರಂದು, ನ್ಯೂಯಾರ್ಕಿಗೆ ಸಮೀಪದ ನಯಾಕ್ ಎಂಬ ಊರಿನಲ್ಲಿ. ಹೊಟ್ಟೆಪಾಡಿಗಾಗಿ ಪತ್ರಿಕೆಗಳಿಗೂ ಜಾಹೀರಾತಿಗೂ ಚಿತ್ರ ಬರೆಯುತ್ತ ನಲವತ್ತು ವರ್ಷ ದಾಟಿಸಿದ. ಆ ಕೆಲಸವನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. 1913ರಲ್ಲಿ ಒಂದು ಚಿತ್ರ 250 ಡಾಲರಿಗೆ ಮಾರಾಟವಾಯಿತು. ಎರಡನೆಯದು ಮಾರಾಟವಾಗಲು ಮತ್ತೆ ಹತ್ತು ವರ್ಷ ಕಾಯಬೇಕಾಯಿತು. 1913ರ ಕೊನೆಯಲ್ಲಿ ವಾಷಿಂಗ್ಟನ್ ಚೌಕದ ಉತ್ತರದಲ್ಲಿರುವ ಮೂರನೆಯ ನಂಬರಿನ ಕಟ್ಟಡದ ಮೇಲುಮಹಡಿಗೆ ಬಂದು ಸೇರಿದವನು 1967ರಲ್ಲಿ ಸಾಯುವವರೆಗೂ ಅಲ್ಲಿಂದ ಕದಲಲಿಲ್ಲ. ಎಪ್ಪತ್ತನಾಲ್ಕು ಮೆಟ್ಟಿಲು. ಚಳಿಗಾಲದಲ್ಲಿ ಒಲೆಗೆ ಬೇಕಾದ ಕಲ್ಲಿದ್ದಲನ್ನು ಹೊತ್ತು ಏರಬೇಕು. ಶೌಚಗೃಹ ಹೊರಗಿನ ಪಡಸಾಲೆಯಲ್ಲಿ, ನೆರೆಯವರೊಡನೆ ಹಂಚಿಕೊಳ್ಳುವಂಥದು. ಹೆಸರೂ ಹಣವೂ ಬಂದ ಮೇಲೂ ಈ ವಠಾರದ ಬಾಳನ್ನು ಆತ ಬಿಡಲಿಲ್ಲ. ಒಂದೇ ಮೆಟ್ಟಿಲು, ಒಂದೇ ಪಡಸಾಲೆ, ಗೋಡೆಯಾಚೆ ಯಾರದೋ ಹೆಜ್ಜೆಯ ಸದ್ದು: ಹತ್ತಿರವಿದ್ದೂ ಪರಿಚಯವಿಲ್ಲದ ನೆರೆ ಎಂಥದೆಂಬುದನ್ನು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆತ ಚಿತ್ರ ಬರೆಯುತ್ತಿದ್ದ ಕಾಲದಲ್ಲಿಯೇ ಆ ನಗರ ಆಕಾಶಕ್ಕೆ ಏಣಿ ಹಾಕಿತು. ಕ್ರೈಸ್ಲರ್ ಕಟ್ಟಡ 1930ರಲ್ಲಿ, ಎಂಪೈರ್ ಸ್ಟೇಟ್ ಕಟ್ಟಡ 1931ರಲ್ಲಿ ಎದ್ದು ನಿಂತವು. ಹಾಪರನ ಚಿತ್ರಗಳಲ್ಲಿ ಅವು ಹುಡುಕಿದರೂ ಸಿಕ್ಕುವುದಿಲ್ಲ. ಆತನ ನಗರ ಉದ್ದಕ್ಕೆ ಮಲಗಿದ ನಗರ. ಎರಡು ಮಹಡಿಯ ಇಟ್ಟಿಗೆಯ ಅಂಗಡಿಸಾಲು, ಸೇತುವೆ, ಮಾಳಿಗೆಯ ಚಿಮಣಿಗಳು. 1930ರ 'ಭಾನುವಾರದ ಮುಂಜಾವು' ಎಂಬ ಪ್ರಸಿದ್ಧ ಚಿತ್ರ ಇಂತಹುದೇ ಒಂದು ಅಂಗಡಿಸಾಲಿನದು. ಮೇಲುಮಹಡಿಯ ಕಿಟಕಿಯೊಂದರಲ್ಲಿ ಮೊದಲು ಒಬ್ಬ ವ್ಯಕ್ತಿಯನ್ನು ಬರೆದು, ಆಮೇಲೆ ಅದರ ಮೇಲೆ ಬಣ್ಣ ಬಳಿದು ಅಳಿಸಿಬಿಟ್ಟನಂತೆ. 'ಭಾನುವಾರ' ಎಂಬುದನ್ನೂ ಆತ ಇಡಲಿಲ್ಲ; ಬೇರೆ ಯಾರೋ ಅಂಟಿಸಿದರು. ಭಾನುವಾರದ ಪುರವಣಿಗೆ ಬರೆಯುತ್ತಿರುವ ನನಗೆ ಆ ಬೇರೆ ಯಾರೋ ಮಹಾಶಯನ ಮೇಲೆ ಕೃತಜ್ಞತೆಯೇ.

ಆದರೆ ನನ್ನ ಕಾಲು ಬೇರೂರಿದ್ದು 1927ರ 'ಆಟೋಮ್ಯಾಟ್' ಎಂಬ ಚಿತ್ರದ ಮುಂದೆ. ಆಟೋಮ್ಯಾಟೆಂದರೆ ಮಾಣಿಗಳಿಲ್ಲದ ಹೋಟೆಲು. ಗೋಡೆಯ ತುಂಬ ಗಾಜಿನ ಬಾಗಿಲುಗಳ ಪುಟ್ಟ ಗೂಡುಗಳು. ಒಂದೊಂದರಲ್ಲೂ ಒಂದೊಂದು ತಿನಿಸು. ಐದು ಸೆಂಟಿನ ನಾಣ್ಯವನ್ನು ಸಂದಿಯಲ್ಲಿ ಹಾಕಿ ಹಿಡಿಯನ್ನು ತಿರುಗಿಸಿದರೆ ಬಾಗಿಲು ತೆರೆದುಕೊಳ್ಳುವುದು. ಹಾರ್ನ್ ಮತ್ತು ಹಾರ್ಡಾರ್ಟ್ ಎಂಬಿಬ್ಬರು ಇದನ್ನು 1902ರಲ್ಲಿ ಫಿಲಡೆಲ್ಫಿಯದಲ್ಲಿ ಆರಂಭಿಸಿ 1912ರಲ್ಲಿ ನ್ಯೂಯಾರ್ಕಿಗೆ ತಂದರು. ಕಾಫಿಯ ಬೆಲೆ 1950ರವರೆಗೂ ಐದೇ ಸೆಂಟು. ಚಿಲ್ಲರೆ ಕೊಡಲು ಕುಳಿತ ಹೆಂಗಸರು ಎಣಿಸಿಯೂ ನೋಡದೆ ಬೆರಳ ಸ್ಪರ್ಶದಿಂದಲೇ ಇಪ್ಪತ್ತು ನಾಣ್ಯಗಳನ್ನು ಎಸೆದು ಕೊಡುತ್ತಿದ್ದರಂತೆ. ಕೊನೆಯ ಆಟೋಮ್ಯಾಟು 1991ರಲ್ಲಿ ಮುಚ್ಚಿತು.

ಈ ವೈಭವವೊಂದೂ ಚಿತ್ರದಲ್ಲಿಲ್ಲ. ಗೂಡುಗಳಿಲ್ಲ, ಚಿಲ್ಲರೆಯವಳಿಲ್ಲ, ಗಿರಾಕಿಗಳ ಗದ್ದಲವಿಲ್ಲ. ಬಿಳಿಯ ದುಂಡುಮೇಜಿನ ಮುಂದೆ ಒಬ್ಬಳೇ ಹೆಂಗಸು. ಹಸಿರು ಕೋಟು, ಅದಕ್ಕೆ ತುಪ್ಪುಳದ ಕೊರಳುಪಟ್ಟಿ, ಹಣೆಯ ಮೇಲೆ ಇಳಿದ ಹಳದಿ ಟೊಪ್ಪಿಗೆ. ಒಂದು ಕೈಯ ಗವಸನ್ನು ಮಾತ್ರ ತೆಗೆದು ಆ ಬರಿಗೈಯಲ್ಲಿ ಕಾಫಿಯ ಬಟ್ಟಲು ಹಿಡಿದಿದ್ದಾಳೆ. ಮುಂದೆ ಒಂದು ಖಾಲಿ ತಟ್ಟೆ, ಎದುರಿಗೊಂದು ಖಾಲಿ ಕುರ್ಚಿ. ಬೆನ್ನ ಹಿಂದಿನ ದೊಡ್ಡ ಕಿಟಕಿಯಲ್ಲಿ ಬೀದಿ ಕಾಣಬೇಕಿತ್ತು. ಕಾಣುವುದು ಬರಿಯ ಕತ್ತಲು, ಮತ್ತು ಆ ಕತ್ತಲಿನಲ್ಲಿ ದೂರದೂರಕ್ಕೆ ಸಾಗುವ ಒಳಗಿನ ದೀಪಗಳ ಎರಡು ಸಾಲಿನ ಪ್ರತಿಬಿಂಬ. ಆ ಪ್ರತಿಬಿಂಬದಲ್ಲಿ ಅವಳಿಲ್ಲ. ಇದು ಚಿತ್ರಕಾರನ ಹಟ. ಭೌತಶಾಸ್ತ್ರದ ಉಪನ್ಯಾಸಕರು ಒಪ್ಪಲಿಕ್ಕಿಲ್ಲ.

ಪಕ್ಕದಲ್ಲಿ ನಿಂತಿದ್ದವರು "ಪಾಪ" ಎಂಬ ಅರ್ಥದ ಉದ್ಗಾರವೊಂದನ್ನು ತೆಗೆದರು. ನನಗೆ ಮಾತ್ರ ಆ 'ಪಾಪ' ಒಪ್ಪಿಗೆಯಾಗಲಿಲ್ಲ. ಅವಳು ಅಳುತ್ತಿಲ್ಲ. ಬಾಗಿಲ ಕಡೆ ನೋಡುತ್ತಿಲ್ಲ. ಯಾರಿಗೋ ಕಾಯುತ್ತಿರುವವರ ಕಣ್ಣು ಬಟ್ಟಲಿನ ಮೇಲೆ ಇರುವುದಿಲ್ಲ. ಹೊರಗೆ ಚಳಿಯಿದೆ, ಒಳಗೆ ಬಿಸಿಯ ಕಾಫಿಯಿದೆ, ಕೈಯಲ್ಲಿ ನಾಣ್ಯವಿತ್ತು, ಕೇಳುವವರಿಲ್ಲದೆ ಕುಳಿತಿದ್ದಾಳೆ. ರಾತ್ರಿಯ ಹೊತ್ತು ಒಬ್ಬ ಹೆಂಗಸು ಸಾರ್ವಜನಿಕ ಸ್ಥಳವೊಂದರಲ್ಲಿ ಏಕೆ, ಯಾರೊಡನೆ, ಎಷ್ಟು ಹೊತ್ತು ಎಂಬ ಪ್ರಶ್ನೆಗಳಿಲ್ಲದೆ ಕುಳಿತಿರಬಹುದೆಂಬುದು ಆ ನಗರದಲ್ಲಿಯೂ ಆಗ ಹೊಸದಾಗಿ ಬಂದ ಸ್ವಾತಂತ್ರ್ಯ. ಹಾಪರನೇ 1930ರಲ್ಲಿ ಬರೆದ ಇನ್ನೊಂದು ಚಿತ್ರದ ಹೆಸರು 'ಹೆಂಗಸರಿಗೆ ಮೇಜುಗಳು'. ಗಾಜಿನ ಕಿಟಕಿಯಲ್ಲಿ ಹಣ್ಣುಗಳನ್ನು ಜೋಡಿಸುತ್ತ ಮುಂದಕ್ಕೆ ಬಾಗಿದ ಪರಿಚಾರಿಕೆ, ಹಿಂದೆ ಹಣದ ಪೆಟ್ಟಿಗೆಯ ಮುಂದೆ ಇನ್ನೊಬ್ಬಳು. ಇಬ್ಬರೂ ದುಡಿದು ದಣಿದವರು. ಆ ಹೆಸರೊಂದು ಫಲಕದ ಮಾತು. ಅದಕ್ಕೆ ಮುಂಚೆ ಜೊತೆಯಿಲ್ಲದೆ ಹೋಟೆಲಿಗೆ ಬಂದ ಹೆಂಗಸನ್ನು ಲೋಕ ಸಂದೇಹದಿಂದಲೇ ನೋಡುತ್ತಿದ್ದಿತು. ಇಲ್ಲಿ ನೀವು ಒಬ್ಬರೇ ಬಂದು ಕುಳಿತು ಉಣ್ಣಬಹುದೆಂದು ಬರೆದು ಹೇಳಬೇಕಾಯಿತು.

ನಮ್ಮಲ್ಲಿ ಆ ಫಲಕ ಬೇರೆ ರೀತಿಯದು. ಎಂ.ಎ. ಓದುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಕಾಫಿಗೆಂದು ಹೋಟೆಲಿನೊಳಕ್ಕೆ ಕಾಲಿಟ್ಟೆ. ಎದುರಿಗಿದ್ದ ಖಾಲಿ ಮೇಜಿನ ಮುಂದೆ ಕುಳಿತುಕೊಳ್ಳುವಷ್ಟರಲ್ಲಿ ಮಾಣಿ ಬಂದು "ಅಕ್ಕ, ಫ್ಯಾಮಿಲಿ ರೂಂ ಒಳಗಿದೆ" ಎಂದ. ನಾನು ಒಬ್ಬಳೇ ಕಣಪ್ಪ ಎಂದರೂ ಕೇಳಲಿಲ್ಲ. ಆತನದು ಕೇಡಿನ ಮಾತಲ್ಲ, ಮರ್ಯಾದೆಯದೇ. ಹೀಗೆ ಒಬ್ಬಳೇ ಒಂದು ಫ್ಯಾಮಿಲಿಯಾಗಿ, ಹಸಿರು ಪರದೆಯ ಹಿಂದೆ, ಫ್ಯಾನಿಲ್ಲದ ಕೋಣೆಯಲ್ಲಿ ಆ ಕಾಫಿಯನ್ನು ಕುಡಿದೆ. ಪರದೆಯ ಹಿಂದೆ ಮರೆಯಿತ್ತು, ಏಕಾಂತವಿರಲಿಲ್ಲ. ನಾಲ್ವರ ನಡುವೆ ಕುಳಿತು ಯಾರ ಲೆಕ್ಕಕ್ಕೂ ಸೇರದಿರುವ ಸುಖ ಬೇರೆಯೇ. ಹಾಪರನ ಹಸಿರು ಕೋಟಿನವಳಿಗೆ ಅದು ದೊರೆತಿದೆ. ಅವಳನ್ನು ಕಂಡು ನನಗಾದದ್ದು ಮರುಕವಲ್ಲ, ಸ್ವಲ್ಪ ಅಸೂಯೆ.

ಹೀಗೆಂದ ಮಾತ್ರಕ್ಕೆ ಹಾಪರನ ಲೋಕದಲ್ಲಿ ದುಃಖವಿಲ್ಲವೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅದು ಎಲ್ಲಿದೆಯೆಂಬುದನ್ನು ನೋಡಬೇಕು. 1932ರ 'ನ್ಯೂಯಾರ್ಕಿನ ಒಂದು ಕೋಣೆ' ಗಾತ್ರದಲ್ಲಿ ಚಿಕ್ಕದು. ಬೀದಿಯಲ್ಲಿ ಹೋಗುವವನು ತೆರೆದ ಕಿಟಕಿಯ ಮೂಲಕ ಇಣುಕಿದಂತಿದೆ. ಗಂಡ ಕೋಟು ಕಳಚಿ, ಟೈ ಬಿಚ್ಚದೆ, ಪತ್ರಿಕೆಯಲ್ಲಿ ಮುಖ ಹುದುಗಿಸಿದ್ದಾನೆ. ಕೆಂಪು ಉಡುಪಿನ ಹೆಂಡತಿ ಅವನಿಗೆ ಬೆನ್ನು ಅರ್ಧ ತಿರುಗಿಸಿ, ಪಿಯಾನೋದ ಮೇಲೆ ಒಂದು ಬೆರಳನ್ನಿಟ್ಟಿದ್ದಾಳೆ. ನುಡಿಸುತ್ತಿಲ್ಲ, ಒಂದು ಸ್ವರವನ್ನು ಮುಟ್ಟಿ ನೋಡುತ್ತಿದ್ದಾಳೆ, ಅಷ್ಟೆ. ಇಬ್ಬರ ನಡುವೆ ಎತ್ತರವಾದ ಮುಚ್ಚಿದ ಬಾಗಿಲು. ಮುಖಗಳಲ್ಲಿ ಕಣ್ಣುಮೂಗು ಸ್ಫುಟವಾಗಿಲ್ಲ. ರಾತ್ರಿ ನಗರದಲ್ಲಿ ನಡೆಯುವಾಗ ದೀಪ ಬೆಳಗಿದ ಕಿಟಕಿಗಳಲ್ಲಿ ಕಂಡದ್ದೆಲ್ಲ ಕೂಡಿ ಈ ಚಿತ್ರವಾಯಿತೆಂದು ಹಾಪರ್ ಹೇಳಿದ್ದುಂಟು. ಎತ್ತರದ ಹಳಿಯ ಮೇಲೆ ಓಡುವ ರೈಲಿನಿಂದ ಕ್ಷಣಮಾತ್ರ ಕಂಡು ಮಾಯವಾದ ಕಚೇರಿಗಳ ಒಳನೋಟವೇ 1940ರ 'ರಾತ್ರಿಯ ಕಚೇರಿ'ಗೂ ಮೂಲವಾಯಿತಂತೆ.

ನನ್ನ ಬುದ್ಧಿಗೆ ತೋರುವುದು ಇಷ್ಟು: ಪರಿಚಯವಿಲ್ಲದವರ ನಡುವೆ ಕುಳಿತವರಿಗೆ ಹಾಪರ್ ಏಕಾಂತವನ್ನು ಕೊಟ್ಟ, ಪರಿಚಿತರಲ್ಲಿ, ಒಂದೇ ಸೂರಿನ ಕೆಳಗಿನ ಇಬ್ಬರಲ್ಲಿ, ಒಂಟಿತನವನ್ನು ಕಂಡ. ಹೋಟೆಲು, ರೈಲುಡಬ್ಬಿ, ನಾಟಕಶಾಲೆ, ವಸತಿಗೃಹದ ಪಡಸಾಲೆ, ಇಲ್ಲೆಲ್ಲ ಆತನ ಜನ ಓದುತ್ತಾರೆ, ಯೋಚಿಸುತ್ತಾರೆ, ಸುಮ್ಮನಿರುತ್ತಾರೆ. 1938ರ ರೈಲಿನ ಚಿತ್ರದಲ್ಲಿ ಹಸಿರು ಡಬ್ಬಿಯೊಳಗೆ ಕುಳಿತ ಹೆಂಗಸಿಗೆ ಕಿಟಕಿಯಾಚೆಯ ಸೂರ್ಯಾಸ್ತದ ಪರಿವೆಯೂ ಇಲ್ಲ. ಕೈಯಲ್ಲಿರುವ ಹಾಳೆಗಳಲ್ಲಿ ಮುಳುಗಿದ್ದಾಳೆ. ಇದನ್ನು ದುಃಖವೆಂದು ಕರೆಯುವವರು ಪುಸ್ತಕ ಹಿಡಿದು ಕುಳಿತವರನ್ನೆಲ್ಲ ಸಂತೈಸಲು ಹೊರಡಬೇಕಾದೀತು. ಹಾಪರನಿಗೂ ಈ 'ಒಂಟಿತನ'ದ ಬಿರುದು ಬೇಸರ ತಂದಿತ್ತು. ಅದನ್ನು ಅತಿ ಮಾಡಿದ್ದಾರೆಂಬುದೇ ಆತನ ಅಭಿಪ್ರಾಯ. 'ನೈಟ್‌ಹಾಕ್ಸ್' ಕುರಿತು ಮಾತ್ರ, ಅರಿವಿಲ್ಲದೆಯೇ ದೊಡ್ಡ ನಗರದ ಒಂಟಿತನವನ್ನು ಬರೆದಿದ್ದೇನೆಂದು ತೋರುತ್ತದೆ ಎಂದು ಒಪ್ಪಿಕೊಂಡ.

ಆ 'ನೈಟ್‌ಹಾಕ್ಸ್' ಈ ಪ್ರದರ್ಶನದಲ್ಲಿರಲಿಲ್ಲ; ಷಿಕಾಗೋದ ಕಲಾಸಂಸ್ಥೆಯಲ್ಲಿಯೇ ಉಳಿಯಿತು. ಆದರೂ ಹಾಪರನ ಮಾತೆತ್ತಿ ಅದನ್ನು ಬಿಡಲಾಗದು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದ 1941ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನವರು ದೀಪ ಮರೆಮಾಡಿ ರಾತ್ರಿಗಳನ್ನು ಕಳೆಯುತ್ತಿದ್ದಾಗ, ಆತ ಗಾಜಿನ ಮಾಡಿನ ಕೆಳಗೆ ನಿಂತು ಈ ಚಿತ್ರ ಬರೆದ. 1942ರ ಜನವರಿಯಲ್ಲಿ ಮುಗಿಸಿದ. ಕೆಲವೇ ತಿಂಗಳಲ್ಲಿ ಷಿಕಾಗೋದವರು 3,000 ಡಾಲರು ಕೊಟ್ಟು ಕೊಂಡರು. ಕತ್ತಲ ಮೂಲೆಯಲ್ಲಿ ಬೆಳಗುವ ಗಾಜಿನ ಹೋಟೆಲು, ಒಳಗೆ ನಾಲ್ವರು. ಹೊರಗಿನ ನಮಗೆ ಒಳಹೋಗಲು ಬೀದಿಯ ಬಾಗಿಲೇ ಕಾಣುವುದಿಲ್ಲವೆಂಬುದನ್ನು ವಿಮರ್ಶಕರು ಬಹಳ ದೊಡ್ಡದು ಮಾಡಿದ್ದಾರೆ. ಬಾಗಿಲು ಕಾಣದಿರುವುದು ನಮಗೆ. ಒಳಗಿರುವ ಆ ನಾಲ್ವರಿಗಲ್ಲ.

1939ರ 'ನ್ಯೂಯಾರ್ಕಿನ ಸಿನಿಮಾ' ಇವೆಲ್ಲಕ್ಕಿಂತ ಗಾಢವಾದುದೆಂದು ನನ್ನ ಎಣಿಕೆ. ಚಿತ್ರವನ್ನು ನಡುವೆ ಸೀಳಿದಂತಿದೆ. ಎಡಕ್ಕೆ ಕತ್ತಲ ಮಂದಿರ, ಬೆಳ್ಳಿತೆರೆಯ ಒಂದು ತುಣುಕು, ಬೆರಳೆಣಿಕೆಯ ಪ್ರೇಕ್ಷಕರು. ಬಲಕ್ಕೆ, ಗೋಡೆದೀಪದ ಹೊಂಬೆಳಕಿನಲ್ಲಿ, ಜನರಿಗೆ ಆಸನ ತೋರಿಸುವ ಹುಡುಗಿ. ನೀಲಿಯ ಸಮವಸ್ತ್ರ ತೊಟ್ಟು, ಗಲ್ಲಕ್ಕೆ ಕೈಯಾನಿಸಿ, ಗೋಡೆಗೊರಗಿ ನಿಂತಿದ್ದಾಳೆ. ತೆರೆಯ ಮೇಲಿನ ಕಥೆ ಅವಳಿಗೆ ಬಾಯಿಪಾಠ. ಎಲ್ಲರೂ ಒಂದು ಕನಸನ್ನು ನೋಡುತ್ತಿರುವಾಗ ಅವಳೊಬ್ಬಳು ತನ್ನದೇ ಯೋಚನೆಯಲ್ಲಿದ್ದಾಳೆ. ಸಂಬಳ ಬರುವ ಕೆಲಸದ ನಡುವೆ ಕದ್ದುಕೊಂಡ ಎರಡು ನಿಮಿಷ ಅದು. ಮಧ್ಯಂತರದ ಗಂಟೆಯಾದರೆ ಮುಗಿಯಿತು. ಇದೊಂದು ಚಿತ್ರಕ್ಕಾಗಿ ಹಾಪರ್ ಚಿತ್ರಮಂದಿರಗಳನ್ನು ಅಲೆದು ಐವತ್ತಕ್ಕೂ ಹೆಚ್ಚು ಕರಡುಗಳನ್ನು ಬರೆದ. ಕರಡುಗಳಲ್ಲಿ ಕಂಬ, ಪರದೆ, ಕುರ್ಚಿಯ ಅಂಚು, ನೆಲಗಂಬಳಿಯ ನಮೂನೆ ಎಲ್ಲವೂ ಇವೆ.

ಆ ಹುಡುಗಿಯಾಗಿ ನಿಂತವಳು ಮಾತ್ರ ಹುಡುಗಿಯಲ್ಲ. ಅವಳು ಹಾಪರನ ಹೆಂಡತಿ ಜೋಸೆಫಿನ್, ಐವತ್ತೈದು ವರ್ಷದವಳು. ತಮ್ಮ ಕಟ್ಟಡದ ಪಡಸಾಲೆಯ ದೀಪದ ಕೆಳಗೆ ಹಾಗೆ ನಿಂತು ಕೊಟ್ಟಳು. ಆಟೋಮ್ಯಾಟಿನಲ್ಲಿ ಕುಳಿತವಳೂ ಅವಳೇ. 'ನೈಟ್‌ಹಾಕ್ಸ್' ಚಿತ್ರದ ಕೆಂಪು ಉಡುಪಿನವಳೂ ಅವಳೇ. ಮದುವೆಯಾದ ಮೇಲೆ ಹಾಪರನ ಹೆಂಗಸರಿಗೆಲ್ಲ ಅವಳೇ ಮೂಲ. ವಯಸ್ಸನ್ನು ಕಳೆದು, ಕೂದಲಿನ ಬಣ್ಣ ಬದಲಿಸಿ, ಬೇರೆ ಬೇರೆ ಕೋಣೆಗಳಲ್ಲಿ ಆತ ಅವಳನ್ನು ಒಬ್ಬಳನ್ನೇ ಕೂರಿಸಿದ.

ಜೋ ಎಂದೇ ಕರೆಯಲ್ಪಡುತ್ತಿದ್ದ ಈಕೆಯ ಕಥೆಯನ್ನು ಪ್ರದರ್ಶನ ನೋಡಿ ಬಂದ ಮೇಲೆ ಹುಡುಕಿಕೊಂಡು ಓದಿದೆ. ಈಕೆಯೂ ಚಿತ್ರಕಾರ್ತಿ, ಹಾಪರನ ಗುರುವಾಗಿದ್ದ ರಾಬರ್ಟ್ ಹೆನ್ರಿಯವರಲ್ಲಿಯೇ ಕಲಿತವಳು, ನಗರದ ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿದ್ದವಳು. 1923ರಲ್ಲಿ ಬ್ರೂಕ್ಲಿನ್ ಸಂಗ್ರಹಾಲಯ ಈಕೆಯ ಜಲವರ್ಣಗಳನ್ನು ಪ್ರದರ್ಶಿಸಲು ಕರೆದಾಗ, ಹಾಪರನವನ್ನೂ ನೋಡಿ ಎಂದು ಶಿಫಾರಸು ಮಾಡಿದಳು. ವಿಮರ್ಶಕರು ಅವನನ್ನು ಹೊಗಳಿದರು, ಇವಳನ್ನು ಮರೆತರು. ಸಂಗ್ರಹಾಲಯ ಆತನ ಒಂದು ಜಲವರ್ಣವನ್ನು 100 ಡಾಲರಿಗೆ ಕೊಂಡಿತು. ಹತ್ತು ವರ್ಷ ಕಾದು ಮಾರಿದ ಆ ಎರಡನೆಯ ಚಿತ್ರ ಇದೇ. ಮರುವರ್ಷ ಜುಲೈಯಲ್ಲಿ ಇಬ್ಬರೂ ಮದುವೆಯಾದರು. ಅಲ್ಲಿಂದ ಮುಂದೆ ಆತ ಬರೆದ ಪ್ರತಿಯೊಂದು ಚಿತ್ರದ ವಿವರವನ್ನೂ, ಯಾರಿಗೆ, ಎಷ್ಟಕ್ಕೆ ಎಂಬುದರೊಡನೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟವಳು ಈಕೆ. ಚಿತ್ರದೊಳಗಿನ ಜನರಿಗೆ ಹೆಸರಿಟ್ಟವಳೂ ಈಕೆಯೇ. ಆತ ಮಿತಭಾಷಿ, ಆರಡಿ ಮೀರಿದ ಆಳು. ಈಕೆ ಕುಳ್ಳಿ, ವಾಚಾಳಿ. ಜಗಳ ದಿನನಿತ್ಯದ್ದು. ಕಾರು ನಡೆಸಲು ತನಗೆ ಬಿಡುತ್ತಿಲ್ಲವೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ತನ್ನ ಚಿತ್ರಕಲೆಯನ್ನು ಗಂಡ ಲಕ್ಷಿಸಲಿಲ್ಲ, ಪ್ರೋತ್ಸಾಹಿಸಲಿಲ್ಲ ಎಂಬ ನೋವು ಅವಳ ದಿನಚರಿಗಳ ತುಂಬ ಇದೆ. ಗೇಲ್ ಲೆವಿನ್ ಎಂಬ ವಿದುಷಿ ಆ ದಿನಚರಿಗಳನ್ನು ಆಧರಿಸಿ 1995ರಲ್ಲಿ ಹಾಪರನ ಜೀವನಚರಿತ್ರೆಯನ್ನು ಪ್ರಕಟಿಸಿದ ಮೇಲೆ, 'ನ್ಯೂಯಾರ್ಕಿನ ಒಂದು ಕೋಣೆ'ಯನ್ನು ಮೊದಲಿನಂತೆ ನೋಡುವುದು ಯಾರಿಗೂ ಸಾಧ್ಯವಾಗಿಲ್ಲ.

ಕೂರಿಸಿದವನಿಗೆ ದೊರೆತ ಏಕಾಂತ ಕುಳಿತವಳಿಗೆ ದೊರೆಯಿತೇ? ಇದು ನನ್ನನ್ನು ಕಾಡಿದ ಪ್ರಶ್ನೆ. ಆಟೋಮ್ಯಾಟಿನ ಹೆಂಗಸನ್ನು ಕಂಡು ಅಸೂಯೆಪಟ್ಟೆನೆಂದೆ. ಆ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಚಿತ್ರದ ಹೆಂಗಸಿಗೆ ಅಷ್ಟು ಸ್ವಾತಂತ್ರ್ಯವನ್ನು ಕಾಣಬಲ್ಲ ಕಣ್ಣು ಅದೇ ಮಹಡಿಯಲ್ಲಿ ಕುಂಚ ಹಿಡಿದು ಕುಳಿತವಳನ್ನು ಕಾಣದೆ ಹೋಯಿತಲ್ಲ! ಕಲೆಯಲ್ಲಿ ಇದು ಹೊಸತೇನಲ್ಲ, ನಮ್ಮ ಸಾಹಿತ್ಯಚರಿತ್ರೆಯಲ್ಲಿಯೂ ಉದಾಹರಣೆಗಳಿಗೆ ಬರವಿಲ್ಲ. ಜೋ ತನ್ನ ಗಂಡನ ಕೃತಿಗಳ ಜೊತೆಗೆ ತನ್ನವನ್ನೂ ವಿಟ್ನಿಗೇ ಬಿಟ್ಟುಹೋದಳು. ಗಂಡನ ಮೂರು ಸಾವಿರದಷ್ಟು ಕೃತಿಗಳನ್ನು ಕಾಪಾಡಿಕೊಂಡವರು ಈಕೆಯವುಗಳಲ್ಲಿ ಬಹುಪಾಲನ್ನು ಉಳಿಸಿಕೊಳ್ಳಲಿಲ್ಲ, ಅವು ಚದರಿಹೋದವು.

ಹಾಗೆಂದು ಇವರಿಬ್ಬರ ಬಾಳು ಬರಿಯ ಕಲಹವೆಂದು ತಿಳಿದರೂ ತಪ್ಪಾದೀತು. ಪ್ರದರ್ಶನದ ಒಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದುದು ಚಿತ್ರಗಳಲ್ಲ, ನಾಟಕದ ಟಿಕೆಟುಗಳ ಹರಿದ ತುಂಡುಗಳು. 2017ರಲ್ಲಿ ಸಂಗ್ರಹಾಲಯಕ್ಕೆ ಸೇರಿದ ಹಾಪರನ ಕಾಗದಪತ್ರಗಳ ದೊಡ್ಡ ಕಟ್ಟಿನಲ್ಲಿ ಇವೂ ಬಂದವಂತೆ. ದಂಪತಿಗಳು ನಾಟಕದ ಹುಚ್ಚಿನವರು. ಯಾವ ನಾಟಕ ಎಂಬುದನ್ನು ಆತ ತುಂಡುಗಳ ಮೇಲೆ ತನ್ನ ಕೈಯಲ್ಲಿ ಗುರುತಿಸಿ ಜೋಪಾನವಾಗಿ ಇಟ್ಟಿದ್ದ. ಮಾಸಿದ ಆ ಚೂರುಗಳ ಮುಂದೆ ಹೆಚ್ಚು ಜನರಿರಲಿಲ್ಲ. ನಾನು ಸಾಕಷ್ಟು ಹೊತ್ತು ನಿಂತೆ. ನಾಟಕಶಾಲೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಕತ್ತಲಿನಲ್ಲಿ ಒಂದೇ ಕಡೆ ನೋಡುತ್ತಾರೆ, ಒಬ್ಬರನ್ನೊಬ್ಬರು ನೋಡಬೇಕಾಗಿಲ್ಲ. ಕೆಲವು ದಾಂಪತ್ಯಗಳಿಗೆ ಅದಕ್ಕಿಂತ ಅನುಕೂಲವಾದ ಸ್ಥಳವಿಲ್ಲ.

ಆತನ ಕೊನೆಯ ತೈಲಚಿತ್ರ 1966ರದು. ಹೆಸರು 'ಇಬ್ಬರು ವಿದೂಷಕರು'. ಕತ್ತಲ ಹಿನ್ನೆಲೆಯ ರಂಗದ ತುದಿಯಲ್ಲಿ ಬಿಳಿಯ ಉಡುಪಿನ ಒಬ್ಬ ಗಂಡು, ಒಬ್ಬ ಹೆಣ್ಣು, ಕೈ ಹಿಡಿದುಕೊಂಡು ಪ್ರೇಕ್ಷಕರಿಗೆ ನಮಸ್ಕರಿಸಲು ಮುಂದೆ ಬಂದಿದ್ದಾರೆ. ಎತ್ತರದವನು ಆತ, ಗಿಡ್ಡಳು ಈಕೆ. ಬಿಡುಗಡೆಯಾದ ಕೈಯಿಂದ ಒಬ್ಬರು ಇನ್ನೊಬ್ಬರ ಕಡೆಗೆ ಸನ್ನೆ ಮಾಡಿದ್ದಾರೆ, ಚಪ್ಪಾಳೆ ಇವರಿಗೆ ಸಲ್ಲಲಿ ಎಂಬಂತೆ. ಅದು ತಾವಿಬ್ಬರೇ ಎಂದು ಜೋ ಆಮೇಲೆ ಹೇಳಿದಳು. 1967ರ ಮೇ 15ರಂದು ಹಾಪರ್ ಆ ಎಪ್ಪತ್ತನಾಲ್ಕು ಮೆಟ್ಟಿಲ ಮೇಲಿನ ಕೋಣೆಯಲ್ಲಿಯೇ ತೀರಿಕೊಂಡ. ಜೋ ಹತ್ತು ತಿಂಗಳು ತುಂಬುವ ಮೊದಲೇ, 1968ರ ಮಾರ್ಚ್ 6ರಂದು, ಹೋದಳು. ಎಂಬತ್ತೈದು ತುಂಬಲು ಹನ್ನೆರಡು ದಿನ ಉಳಿದಿತ್ತು.